ದೇವರಿಗೆ ಬಿಟ್ಟ ಹುಡುಗಿ

ಸಹಾಯಮೇರಿ ಉಪ್ಪಿಟ್ಟಿನ ಬಾಣಲೆಯನ್ನು ಒಲೆಯಿಂದ ಇಳಿಸಲಿಲ್ಲ, ಕುಕ್ಕಿದಳು. ಕುಕ್ಕಿದ ರಭಸಕ್ಕೆ ಸೌಟು ಹಾರಿ ಸಿಂಕಿನೊಳಗೆ ಬಿತ್ತು.

"ಬರಲ್ಲ ಅಂದ್ರೆ ಬರಲ್ಲ! ಭಾನುವಾರದ ಪೂಜೇಲಿ ನಿನ್ನ ಪಕ್ಕ ನಿಂತ್ಕೊಂಡು 'ಕರ್ಕೊಂಡು ಹೋಗಿ' ಅಂತ ಹೇಳೋಕೆ ನನ್ನ ಕೈಲಾಗಲ್ಲ. ನಿಮ್ಮ ಫಾದರಿಗೆ ಹಾಗೇ ಹೇಳು."

"ನೀನು ಬರದೇ ಇದ್ರೆ ಅವರು ನನ್ನ ಕಳಿಸಲ್ಲಮ್ಮಾ..."

"ಅದಕ್ಕೇ ಕಣೇ ಬರಲ್ಲ ಅಂತಿರೋದು!"

ಅರ್ಪಿತಾ ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನರ್ಸಿಂಗ್ ಓದಿದ ಹುಡುಗಿ. ದೊಡ್ಡ ಆಸ್ಪತ್ರೆಯೊಂದರ ಕೆಲಸ ಬಿಟ್ಟು ಚರ್ಚಿನ ಮಿಷನ್ ಸೇವೆಗೆ ಸೇರಿ ಎರಡು ವರ್ಷವಾಗಿತ್ತು. ಹಾಗಂತ ಕನ್ಯಾಸ್ತ್ರೀಯೇನೂ ಅಲ್ಲ. ಬಿಳಿ ಉಡುಪಿಲ್ಲ, ತಲೆಗೆ ಮುಸುಕಿಲ್ಲ. ಕುರ್ತಾ, ಜೀನ್ಸು, ಕತ್ತಿನಲ್ಲೊಂದು ಪುಟ್ಟ ಶಿಲುಬೆ, ಮೊದಲು ಹಾರನ್ನು ಒತ್ತಿ ಆಮೇಲೆ ಬ್ರೇಕು ಹಿಡಿಯುವ ಸ್ಕೂಟಿ ಸವಾರಿ. ಕೆಂಗೇರಿ ಉಪನಗರದ ಹೆಂಗಸರಿಗೆಲ್ಲ ಅವಳೊಂದು ಬಿಡಿಸಲಾಗದ ಒಗಟು. "ಸಿಸ್ಟರ್ ಆಗ್ಬಿಡ್ತೀಯೇನೇ?" ಎಂದು ಯಾರಾದರೂ ಕೇಳಿದರೆ "ಗೊತ್ತಿಲ್ಲ ಆಂಟಿ, ಒಳ್ಳೆ ಹುಡುಗ ಇದ್ರೆ ಹೇಳಿ, ಯೋಚನೆ ಮಾಡ್ತೀನಿ" ಎಂದು ನಕ್ಕು ಗಾಡಿ ಎಬ್ಬಿಸುತ್ತಿದ್ದಳು.

ಅವಳ ದಿನ ಶುರುವಾಗುತ್ತಿದ್ದುದು ಪಕ್ಕದ ಮನೆಯ ಜಂಬಣ್ಣನವರಿಂದ. ಕೊಪ್ಪಳದ ಕಡೆಯವರು, ಸರ್ಕಾರಿ ಅಧಿಕಾರಿಯಾಗಿ ಮೆರೆದು ನಿವೃತ್ತರಾದವರು. ಲಕ್ವ ಹೊಡೆದು ಬಲಗಡೆ ಮೈ ಬಿದ್ದುಹೋಗಿತ್ತು, ಮಾತೂ ನಿಂತುಹೋಗಿತ್ತು. ಉಳಿದಿದ್ದು ಒಂದೇ ಒಂದು ಮಾತು. ಅರ್ಪಿತಾ ಒಳಗೆ ಕಾಲಿಟ್ಟೊಡನೆ ಸೊಟ್ಟ ತುಟಿಯಲ್ಲಿ "ಬಂದ್ಯಾ?" ಅನ್ನುವರು. ನೀರು ಬೇಕಾದರೂ ಬಂದ್ಯಾ, ನೋವಾದರೂ ಬಂದ್ಯಾ! ಅವರ ಮೈ ಒರೆಸಿ, ಮಗ್ಗುಲು ಬದಲಿಸಿ, ಉಲ್ಲಾಳದ ಮೇಲೆ ಬ್ಯಾಡರಹಳ್ಳಿಗೆ ಹೋಗುವಳು. ಅಲ್ಲಿ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಗಾರೆ ಕೆಲಸದ ದ್ಯಾಮಪ್ಪನ ಬೆನ್ನಿನ ಹುಣ್ಣು ತೊಳೆಯಬೇಕು. ಆಮೇಲೆ ಇನ್ನೊಂದು ಮನೆ, ಮತ್ತೊಂದು ಮನೆ. ಯಾವ ಮನೆಯಲ್ಲೂ ತಾನಾಗಿ ಯೇಸುವಿನ ಮಾತೆತ್ತಿದವಳಲ್ಲ. ಹುಣ್ಣು ತೊಳೆಯೋ ಕೈಗೆ ಜಾತಿ ಏನು, ಮತ ಏನು ಅನ್ನುವ ಪೈಕಿ.

ಈಗ ಹೊಸದೊಂದು ಯೋಜನೆ ಬಂದಿತ್ತು. ಜಾರ್ಖಂಡಿನ ಕಾಡಿನೊಳಗಿನ ಹಳ್ಳಿಗಳಲ್ಲಿ ಇದೇ ಕೆಲಸ, ಮೂರು ವರ್ಷ. ಅಲ್ಲಿನ ಹುಡುಗಿಯರಿಗೆ ಹಾಸಿಗೆ ಹಿಡಿದವರ ಆರೈಕೆ ಕಲಿಸಬೇಕು. ಆ ಮಾತು ಕೇಳಿದಾಗಿನಿಂದ ಅರ್ಪಿತಾಗೆ ಊಟ ಸೇರುತ್ತಿರಲಿಲ್ಲ. ಮನಸ್ಸು ಆಗಲೇ ಅಲ್ಲಿಗೆ ಹೋಗಿ ಕೂತಿತ್ತು. ಆದರೆ ಹೊರಡುವ ಮುನ್ನ ಚರ್ಚಿನ ಭಾನುವಾರದ ಪೂಜೆಯಲ್ಲಿ ತಂದೆಯೋ ತಾಯಿಯೋ ಪಕ್ಕದಲ್ಲಿ ನಿಂತು ಅವಳನ್ನು ಕಳಿಸಿಕೊಡಬೇಕು. ತಂದೆ ಇನ್ನಾಸಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಉಳಿದವಳು ಅಮ್ಮ. ಆ ಅಮ್ಮ ಈಗ ಸೌಟು ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅರ್ಪಿತಾ ಹೊರಬಂದು ಸ್ಕೂಟಿ ತಿರುಗಿಸುತ್ತಿದ್ದಾಗ ಅಜ್ಜಿ ಚೌರಮ್ಮ ಜಪಸರ ಹಿಡಿದು ಕಾಂಪೌಂಡಿನ ಹತ್ತಿರ ನಿಂತಿದ್ದರು. ಗೋಡೆಯಾಚೆ ಜಂಬಣ್ಣನವರ ಹೆಂಡತಿ ಬಸವರಾಜೇಶ್ವರಿ ಪೂಜೆಗೆ ದಾಸವಾಳ ಬಿಡಿಸುತ್ತಿದ್ದರು.

"ನಮ್ಮ ಹುಡುಗಿ ದೂರ ಹೊರಟವಳೆ ಕಣವ್ವಾ," ಎಂದರು ಚೌರಮ್ಮ, ಊರಿಗೇ ಕೇಳುವ ಹಾಗೆ. "ಅವಳ ಅವ್ವ ಕುಣಿದ್ರೇನು ಬಂತು? ಕೂಸಾಗಿದ್ದಾಗ್ಲೇ ದೇವರಿಗೆ ಬಿಟ್ಟಿರೋ ಹುಡುಗಿ ಅದು!"

ಬಸವರಾಜೇಶ್ವರಿಯ ಕೈಯಿಂದ ಹೂವಿನ ಬುಟ್ಟಿ ಜಾರಿತು.

"ಏನಂದ್ರಿ? ದೇವರಿಗೆ ಬಿಟ್ಟೀರಿ?! ಓದಿದ ಹುಡುಗೀನ? ಶಿವ ಶಿವಾ! ನಮ್ಮ ಕಡೆ ದೇವರಿಗೆ ಬಿಡೂದು ಅಂದ್ರ ಏನಂತ ಗೊತ್ತೈತೇನ್ರಿ ನಿಮಗ? ಕೊರಳಿಗೆ ಮುತ್ತು ಕಟ್ಟಿ ಹೆಣ್ಣಿನ ಬಾಳೇ ಹಾಳು ಮಾಡ್ತಿದ್ರು! ಸರ್ಕಾರ ಬಂದ್ ಮಾಡಿ ಎಷ್ಟ ವರ್ಷ ಆತು... ಪೊಲೀಸರಿಗೆ ಫೋನ್ ಮಾಡ್ತೀನಿ ನೋಡ್ರಿ, ನಾ ಸುಮ್ನ ಬಿಡಾಂಗಿಲ್ಲ!"

ಅರ್ಪಿತಾಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಆಂಟೀ, ಅದಲ್ಲ! ನಮ್ಮಲ್ಲಿ ಆ ಥರ ಏನೂ ಇಲ್ಲ. ಅಜ್ಜಿ ಏನೋ ಬಾಯಿಗೆ ಬಂದಿದ್ದು ಹೇಳ್ತಾರೆ..." ಅಂದವಳು ಅರ್ಧಕ್ಕೇ ನಿಲ್ಲಿಸಿ ಅಜ್ಜಿಯ ಕಡೆ ತಿರುಗಿದಳು. "ಕೂಸಾಗಿದ್ದಾಗ್ಲೇ ಅಂದ್ರೇನಜ್ಜಿ?"

"ಅತ್ತೇ, ಸಾಕು!" ಸಹಾಯಮೇರಿ ಒದ್ದೆ ಕೈಯಲ್ಲೇ ಓಡಿಬಂದಳು.

"ಯಾಕೆ ಸಾಕು? ಅವಳಿಗೂ ಗೊತ್ತಾಗ್ಲಿ. ಅರ್ಪಿತಾ ಅಂತ ಹೆಸರು ಸುಮ್ನೆ ಇಟ್ವಾ? ಎದೆ ಕಟ್ಕಂಡು, ಉಸಿರು ಮೇಲಕ್ಕೆ ಎಳೀತಿತ್ತು ಕೂಸು. ಇವಳೇ, ಇದೇ ಬಾಯಲ್ಲೇ, ಆರೋಗ್ಯ ಮಾತೆ ಪಾದ ಹಿಡ್ಕಂಡು 'ಬದುಕಿಸು ತಾಯೇ, ನಿನಗೇ ಬಿಡ್ತೀನಿ' ಅಂದ್ಲು. ನಾನು ಪಕ್ಕದಲ್ಲೇ ಮಂಡಿಯೂರಿದ್ದೆ. ಮಗಳು ಬದುಕಿದ್ಲು, ಇವಳಿಗೆ ಹರಕೆ ಮರ್ತೋಯ್ತು! ಮರ್ತಿದ್ದಕ್ಕೆ ಏನಾಯ್ತು? ನನ್ನ ಮಗ ಇನ್ನಾಸಿ ಮೈಸೂರು ರೋಡಲ್ಲಿ ಲಾರಿಗೆ ಸಿಕ್ಕಿ... ದೇವರು ತನ್ನ ಪಾಲು ಸಿಗದೆ ನನ್ನ ಮಗನ್ನ ತಗಂಡ! ಇವಳೇ ನುಂಗ್ಕಂಡ್ಲು ನನ್ನ ಮಗನ್ನ!"

ಎಂಥ ಮಾತು! ಹೆತ್ತ ಕರುಳಿನ ಸಂಕಟ ನಿಜ; ಆದರೆ ಸಂಕಟಕ್ಕೂ ಒಂದು ಹದ ಬೇಡವೇ? ಸಹಾಯಮೇರಿ ಆ ಮಾತು ಕೇಳುತ್ತಿದ್ದುದು ಇದೇ ಮೊದಲಲ್ಲ. ಗಂಡನ ತಿಥಿಯ ಪೂಜೆ ಮುಗಿದಾಗಲೆಲ್ಲ, ಮಗಳಿಲ್ಲದ ಹೊತ್ತು ನೋಡಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಅತ್ತೆ ಅದನ್ನು ಆಡುತ್ತಲೇ ಬಂದಿದ್ದರು. ಕೇಳಿ ಕೇಳಿ ಅವಳಿಗೇ ಅರ್ಧ ನಂಬಿಕೆ ಬಂದುಬಿಟ್ಟಿತ್ತು. ಈಗ ಮಗಳು ಹೊರಟರೆ? ಹರಕೆ ಬಾಕಿ ಇದ್ದದ್ದು ಹೌದು, ಗಂಡ ಸತ್ತದ್ದು ತನ್ನಿಂದಲೇ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡ ಹಾಗಲ್ಲವೇ?

ಅರ್ಪಿತಾ ಅಮ್ಮನ ಮುಖ ನೋಡಿದಳು. ಅಮ್ಮನ ಹಟವೆಲ್ಲ ಎಲ್ಲಿಂದ ಬಂತೆಂದು ಆ ಒಂದು ನೋಟದಲ್ಲೇ ಅವಳಿಗೆ ಅರ್ಥವಾಯಿತು. ಹೆಲ್ಮೆಟ್ ಹಾಕಿಕೊಂಡು ಹೊರಟುಹೋದಳು. ಹಾರನ್ನೂ ಒತ್ತಲಿಲ್ಲ.

"ನಾನು ಹೋಗಲ್ಲ ಫಾದರ್," ಎಂದಳು ಅವತ್ತೇ ಸಂಜೆ, ಚರ್ಚಿನ ಅಂಗಳದಲ್ಲಿ. "ಇಷ್ಟು ದಿನ ದೇವರು ಕರೀತಿದಾನೆ ಅನ್ಕೊಂಡಿದ್ದೆ. ಈಗ ನೋಡಿದ್ರೆ ನಾನು ಹರಕೆ ಕುರಿ. ಕುರಿಗೆ ಯಾರಾದ್ರೂ ಇಷ್ಟಾನಾ ಅಂತ ಕೇಳ್ತಾರಾ?"

ಫಾದರ್ ಮರಿಜೋಸೆಫ್ ಅವರು ನಿಧಾನದ ಮನುಷ್ಯ. "ಮಿಷನ್ ಅನ್ನೋ ಪದಕ್ಕೆ ಅರ್ಥವೇ ಕಳಿಸೋದು ಅಂತ ಕಣಮ್ಮಾ. ಬಿಡೋದು ಅಂತ ಅಲ್ಲ. ಬಿಟ್ಟವರನ್ನ ಕರ್ಕೊಂಡು ಹೋಗಿ ನಾನೇನು ಮಾಡ್ಲಿ? ನಿನಗೆ ಬೇಡ ಅನ್ಸಿದ್ರೆ ಬೇಡ. ಅದರಲ್ಲಿ ಪಾಪ ಏನಿಲ್ಲ," ಎಂದಷ್ಟೇ ಹೇಳಿದರು.

"ಹೋಗಲ್ಲಮ್ಮಾ" ಎಂದು ಮಗಳು ಮನೆಗೆ ಬಂದು ಹೇಳಿದಾಗ ಸಹಾಯಮೇರಿ ಗೆದ್ದೆ ಅಂದುಕೊಂಡಳು. ಮಾರನೆಯ ದಿನ ಮಗಳಿಗಿಷ್ಟವೆಂದು ಅವರೆಕಾಳು ಹಿತುಕಿ ಸಾರು ಮಾಡಿದಳು. ಹುಡುಗಿ ತಟ್ಟೆಯಲ್ಲಿ ಬೆರಳಾಡಿಸಿ ಎದ್ದಳು. ಚೌರಮ್ಮ ಮೂಲೆಯಲ್ಲಿ ಕೂತು "ಇನ್ನೂ ಯಾರನ್ನ ತಿನ್ಬೇಕು ಅಂತಿದೀರವ್ವಾ" ಎಂದು ಗೊಣಗುತ್ತಲೇ ಇದ್ದರು. ಗೆದ್ದ ಮನೆಯಲ್ಲಿ ಸೂತಕದ ಕಳೆ!

ಶುಕ್ರವಾರ ಬೆಳಿಗ್ಗೆ ಗೋಡೆಯಾಚೆಯಿಂದ ಕೂಗು ಬಂತು. "ಸಹಾಯಮ್ಮಾರೇ, ಲಗೂನ ಬರ್ರೀ! ನಮ್ಮ ಮನಿಯವರು ಮಂಚದಿಂದ ಜಾರ್ಯಾರ! ಹುಡುಗಿ ಒಬ್ಬಾಕೀಗೆ ಎತ್ತಾಕಾಗವಲ್ದು!"

ಸಹಾಯಮೇರಿ ಓಡಿದಳು. ಎರಡು ವರ್ಷದಲ್ಲಿ ಮಗಳು ಕೆಲಸ ಮಾಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ನೋಡುವ ಮನಸ್ಸೇ ಇರಲಿಲ್ಲ. ಯಾರದೋ ಹೇಲು ಉಚ್ಚೆ ಬಳಿಯುವುದು ಪ್ರಾಯಶ್ಚಿತ್ತವಲ್ಲದೆ ಇನ್ನೇನು, ತನ್ನ ತಪ್ಪಿಗೆ ಮಗಳು ದಂಡ ತೆರುತ್ತಿದ್ದಾಳೆ ಎಂದೇ ಅವಳ ಎಣಿಕೆ. ಒಳಗೆ ಬಂದು ನೋಡಿದರೆ, ನೆಲದ ಮೇಲೆ ಜಂಬಣ್ಣನವರು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅರ್ಪಿತಾ ಕೂತಿದ್ದಾಳೆ... ನಗುತ್ತಿದ್ದಾಳೆ!

"ಏನ್ ಸಾರ್ ಇದು, ನನಗೆ ಹೇಳ್ದೆ ಕೇಳ್ದೆ ವಾಕಿಂಗ್ ಹೊರಟ್ಬಿಟ್ರಾ? ಚಪ್ಪಲಿ ಆದ್ರೂ ಹಾಕ್ಕೋಬಾರ್ದಿತ್ತಾ?"

"ಬಂದ್ಯಾ..." ಎಂದು ಜಂಬಣ್ಣನವರು ಸೊಟ್ಟಗೆ ನಕ್ಕರು. ಕಣ್ಣಂಚಲ್ಲಿ ನೀರು, ಬಾಯಲ್ಲಿ ನಗು.

"ಅಮ್ಮಾ, ನೀನು ಕಾಲಿನ ಕಡೆ ಹಿಡಿ. ಬೆನ್ನು ಬಗ್ಗಿಸ್ಬೇಡ, ಮಂಡಿ ಬಗ್ಗಿಸು. ಹಾಂ, ಎತ್ತು!"

ಅವರನ್ನು ಮಂಚಕ್ಕೆ ಸೇರಿಸಿ, ದಿಂಬು ಸರಿಮಾಡಿ, ಮಗಳು ಹಣೆಯ ಬೆವರು ಒರೆಸಿಕೊಂಡಳು. ಮನೆಯಲ್ಲಿ ಮೂರು ದಿನದಿಂದ ಕಾಣದ ಬೆಳಕು ಆ ಮುಖದಲ್ಲಿತ್ತು. ಸಹಾಯಮೇರಿ ಗೋಡೆಗೆ ಒರಗಿ ನೋಡುತ್ತಲೇ ನಿಂತಳು. ಹರಕೆ ತೀರಿಸುವವರು ಹೀಗೆ ನಗುತ್ತಾರೆಯೇ? ದಂಡ ತೆರುವವರ ಕೈ ಇಷ್ಟು ಹಗುರವಾಗಿರುತ್ತದೆಯೇ? ಇದು ತಾನು ಕೊಟ್ಟಿದ್ದಲ್ಲ, ಅತ್ತೆ ಅಂದಂತೆ ದೇವರು ಕಿತ್ತುಕೊಂಡಿದ್ದೂ ಅಲ್ಲ. ಇದು ಇವಳದೇ. ಹುಟ್ಟಾ ಇವಳದೇ! ಅಯ್ಯೋ, ತನ್ನ ಹೆದರಿಕೆಗೆ ಮಗಳ ಸಂತೋಷವನ್ನು ಅಡ ಇಟ್ಟುಬಿಟ್ಟೆನಲ್ಲಾ ಎಂದುಕೊಂಡಳು.

ಹಿತ್ತಲಿಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡಳು. ಬಸವರಾಜೇಶ್ವರಿ ಹಿಂದೆಯೇ ಬಂದರು.

"ಅವತ್ತ ತಿಳೀದ ಬಾಯಿ ಮಾಡಿದೆ, ತಪ್ಪಾತು ಬಿಡ್ರಿ. ಆದ್ರ ಒಂದ ಮಾತು ಹೇಳ್ತೀನಿ. ಬಿಟ್ಟ ಹೆಣ್ಣಿಗೆ ತವರ ಇರೂದಿಲ್ರಿ, ಕಳಿಸಿದ ಹೆಣ್ಣಿಗೆ ಇರ್ತೈತಿ. ನಮ್ಮ ಕಡೆ ಹೆಣ್ಣಮಕ್ಕಳನ್ನ ಕಳಿಸೂ ಮುಂದ ಉಡಿ ತುಂಬ್ತೀವಿ. ಉಡಿ ತುಂಬಿಸ್ಕೊಂಡಾಕಿ ತಿರುಗಿ ಬರಾಕ ಬೇಕು."

"ನಮ್ಮೂರಲ್ಲೂ ಮಡಿಲಕ್ಕಿ ಕಟ್ತಾರೆ," ಎಂದಳು ಸಹಾಯಮೇರಿ. "ಆದ್ರೆ ಗಂಡ ಸತ್ತ ನಾನು..."

"ಹೆತ್ತ ಕೈಗೆ ಎಲ್ಲಿ ಮೈಲಿಗಿರಿ? ಸೆರಗು ನಾ ಹಿಡೀತೀನಿ, ಅಕ್ಕಿ ನೀವು ಹಾಕ್ರಿ."

ಭಾನುವಾರ ಬೆಳಿಗ್ಗೆ ಅರ್ಪಿತಾ ಎದ್ದು ಬಂದಾಗ ನಡುಮನೆಯಲ್ಲಿ ಮಣೆ ಹಾಕಿತ್ತು. ಪಕ್ಕದಲ್ಲಿ ಮೊರದ ತುಂಬ ಅಕ್ಕಿ, ತೆಂಗಿನಕಾಯಿ, ಬೆಲ್ಲದ ಅಚ್ಚು. ಗೋಡೆಯ ಮೇಲೆ ಬಾಲಯೇಸುವನ್ನು ಎತ್ತಿಕೊಂಡ ಆರೋಗ್ಯ ಮಾತೆಯ ಪಟದ ಮುಂದೆ ಮೊಂಬತ್ತಿ ಉರಿಯುತ್ತಿತ್ತು. ಪೂಜೆಗೆ ಹೊರಡುವವರಂತೆ ಅಮ್ಮ ಮದುವೆಯ ಸೀರೆ ಉಟ್ಟಿದ್ದಳು. ಪಕ್ಕದಲ್ಲಿ ಬಸವರಾಜೇಶ್ವರಿ ನಿಂತಿದ್ದರು.

"ಕೂತ್ಕೋ."

"ಅಮ್ಮಾ, ನಾನು ಹೋಗಲ್ಲ ಅಂದ್ನಲ್ಲ..."

"ಹೋಗ್ಬೇಕು ಅನ್ಸುತ್ತೋ ಇಲ್ವೋ? ಅಜ್ಜಿಗೆ ಹೆದರಿ ಬೇಡ, ನನಗೆ ಮರುಗಿ ಬೇಡ. ನಿನ್ನ ಮನಸ್ಸಿಂದ ಹೇಳು."

ಅರ್ಪಿತಾ ಮಣೆಯ ಮೇಲೆ ಕೂತಳು. "ಹೋಗ್ಬೇಕು ಅನ್ಸುತ್ತಮ್ಮಾ... ತುಂಬಾ!"

"ಮದುವೆ ಇಲ್ಲ, ಮುಂಜಿ ಇಲ್ಲ, ಮಡಿಲಕ್ಕಿ ಯಾತಕ್ಕೆ?" ಚೌರಮ್ಮ ಜಪಸರ ಕುಟ್ಟಿಕೊಂಡು ಬಂದರು. "ಅಂತೂ ಹರಕೆ ತೀರ್ತು ಅನ್ನು. ಈ ಬುದ್ಧಿ ಅವತ್ತೇ ಬಂದಿದ್ರೆ ನನ್ನ ಮಗ..."

"ಅತ್ತೇ." ಸಹಾಯಮೇರಿ ತಲೆಯೆತ್ತಿದಳು. ಅಷ್ಟು ವರ್ಷ ನೆಲ ನೋಡಿಕೊಂಡೇ ಉತ್ತರ ಕೊಡುತ್ತಿದ್ದ ಹೆಂಗಸು! "ನಿಮ್ಮ ಮಗನ್ನ ದೇವರು ತಿನ್ಲಿಲ್ಲ, ನಾನೂ ತಿನ್ಲಿಲ್ಲ. ಲಾರಿಯವನು ಬ್ರೇಕ್ ಹಾಕ್ಲಿಲ್ಲ, ಅಷ್ಟೇ. ಕೂಸನ್ನ ಉಳಿಸಿಕೊಟ್ಟ ತಾಯಿ ಅದರ ಅಪ್ಪನ್ನ ಕಿತ್ಕೋತಾಳಾ? ನೀವು ದಿನಾ ಜಪ ಮಾಡೋ ತಾಯಿ ಅಷ್ಟು ಕೆಟ್ಟವಳಾ ಅತ್ತೆ?"

ಚೌರಮ್ಮನ ಬೆರಳು ಜಪಸರದ ಮಣಿಯ ಮೇಲೆ ನಿಂತಿತು.

"ಇನ್ನು ಹರಕೆ. ಬಾಯಿ ನನ್ನದು, ಮಾತು ನನ್ನದು. ಅದನ್ನ ತೀರಿಸೋಳು ನಾನು, ಇವಳಲ್ಲ. ಇವಳು ಬಿಟ್ಟು ಹೋಗೋ ಮನೆಗಳಿಗೆಲ್ಲ ನಾಳೆಯಿಂದ ನಾನು ಹೋಗ್ತೀನಿ. ಹುಣ್ಣು ತೊಳೆಯೋದು ಕಲ್ಸಿಕೊಡಿ ಅಂತ ಫಾದರಿಗೆ ಹೇಳಾಗಿದೆ. ಇವಳನ್ನ ನಾನು ದೇವರಿಗೆ ಬಿಡ್ತಾ ಇಲ್ಲ ಅತ್ತೆ, ಕಳಿಸ್ತಾ ಇದೀನಿ. ಕಳಿಸಿದವಳು ವಾಪಸ್ ಬರ್ತಾಳೆ. ಇದು ಅವಳ ತವರು!"

ಬಸವರಾಜೇಶ್ವರಿ ಅರ್ಪಿತಾಳ ದುಪಟ್ಟಾ ಹರಡಿ ಹಿಡಿದರು. ಸಹಾಯಮೇರಿ ಮಗಳ ಹಣೆಯ ಮೇಲೆ ಶಿಲುಬೆ ಗುರುತು ಬರೆದು, ಬೊಗಸೆಯಲ್ಲಿ ಅಕ್ಕಿ ಎತ್ತಿ ಹಾಕಿದಳು. ಅರ್ಪಿತಾ ಬಿಕ್ಕಿ ಬಿಕ್ಕಿ ಅತ್ತಳು. ಚೌರಮ್ಮ ಜಪಸರವನ್ನು ಕೊರಳಿಗೆ ಹಾಕಿಕೊಂಡರು. ಆಮೇಲೆ ನಿಧಾನವಾಗಿ ಬಗ್ಗಿ ಒಂದು ಹಿಡಿ ಅಕ್ಕಿ ತೆಗೆದು ಮೊಮ್ಮಗಳ ಮಡಿಲಿಗೆ ಹಾಕಿದರು.

"ಇನ್ನಾಸಿ ಇದ್ದಿದ್ರೆ ಇದನ್ನ ಅವನೇ ಹಾಕ್ತಿದ್ದ..." ಎಂದರು. ಸೊಸೆಯ ಮುಖ ನೋಡಲಿಲ್ಲ. ಆದರೆ ಆ ಮನೆಯಲ್ಲಿ ಮತ್ತೆಂದೂ ಆ ಹಳೆಯ ಮಾತು ಅವರ ಬಾಯಿಂದ ಬರಲಿಲ್ಲ.

ಪೂಜೆ ಮುಗಿದು, ಫಾದರ್ ರದ್ದು ಮಾಡದೆ ಇಟ್ಟಿದ್ದ ಟಿಕೆಟ್ಟಿನಲ್ಲಿ ಅವತ್ತೇ ರಾತ್ರಿ ರೈಲು ಹತ್ತುವಾಗ ಅರ್ಪಿತಾ "ಹೋಗ್ತೀನಮ್ಮಾ" ಅಂದಳು. ಸಹಾಯಮೇರಿ ಅವಳ ಬಾಯಿಗೆ ಅಂಗೈ ಒತ್ತಿ ಹಿಡಿದಳು. "ಹಾಗನ್ನಬಾರದು ಕಣೇ!"

"ಹೋಗಿ ಬರ್ತೀನಿ."

"ಹಾಂ. ಬಾ."

ಸೋಮವಾರ ಬೆಳಿಗ್ಗೆ ಮನೆ ಬಿಕೋ ಎನ್ನುತ್ತಿತ್ತು. ಸಹಾಯಮೇರಿ ಎಣ್ಣೆ ಬಾಟಲು, ಮೈ ಒರೆಸುವ ಬಟ್ಟೆ, ಮಗಳು ಬಿಟ್ಟುಹೋದ ಚೀಲ ತೆಗೆದುಕೊಂಡು ಪಕ್ಕದ ಮನೆಯ ಬಾಗಿಲು ತಳ್ಳಿದಳು. ಮೊದಲು ಯಾವ ಮಗ್ಗುಲಿಗೆ ಹೊರಳಿಸಬೇಕು ಅಂತ ಮಗಳು ಹೊರಡುವ ಮುನ್ನ ಹೇಳಿಕೊಟ್ಟಿದ್ದೇ ಮರೆತುಹೋಗಿತ್ತು. ಜಂಬಣ್ಣನವರು ಬಾಗಿಲ ಕಡೆಗೇ ಕಣ್ಣಿಟ್ಟು ಮಲಗಿದ್ದರು. ಒಳಗೆ ಬಂದವಳು ಹುಡುಗಿಯಲ್ಲ, ಅವಳ ಅಮ್ಮ ಎಂದು ಗೊತ್ತಾಗಲು ಅವರಿಗೆ ಕೊಂಚ ಹೊತ್ತು ಹಿಡಿಯಿತು. ಆಮೇಲೆ ಸೊಟ್ಟ ತುಟಿ ಅಲುಗಿತು.

"ಬಂದ್ಯಾ?"

ಸಹಾಯಮೇರಿ ಚೀಲವನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಬಂದೆ ಅಣ್ಣಾ," ಎಂದಳು.