ಆಯುಧಪೂಜೆಯ ನಂತರದ ಲಾಗಿನ್

ವೇಣಿ ಪಾಸ್‌ವರ್ಡ್ ಒತ್ತಿದಳು. ಸರ್ವರ್ ಸ್ವಾಗತಿಸಿತು. ಹಿಂದಿನ ಸಲ ಯಾವಾಗ ಬಂದಿದ್ದಳೆಂದೂ ನೆನಪಿಸಿತು. ಮರುಕ್ಷಣ ಹೊರಗೆ ತಳ್ಳಿತು.

ಪಕ್ಕದ ಮೇಜಿನಲ್ಲೂ ಹಾಗೇ. ಹಬ್ಬದ ರಜೆ ಮುಗಿದ ಬೆಳಿಗ್ಗೆ ಪೀಣ್ಯದ ಆ ಬಿಡಿಭಾಗಗಳ ಕಾರ್ಖಾನೆಯಲ್ಲಿ ಯಾರಿಗೂ ಲಾಗಿನ್ ಇಲ್ಲ. ಡ್ರಾಯಿಂಗ್‌ಗಳೆಲ್ಲ ಸರ್ವರ್‌ನಲ್ಲಿ. ಯಂತ್ರಗಳು ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಕ್ಕಳಂತೆ ಸುಮ್ಮನೆ ನಿಂತಿದ್ದವು.

"ಬಾಲಾಜಿದೇ ಕೆಲಸ," ಎಂದರು ಮಾಲೀಕ ಭಾನುಪ್ರಕಾಶ್, ಪೊಲೀಸರಿಗೆ ಫೋನ್ ಮಾಡುತ್ತಾ.

ಸರ್ವರ್ ನೋಡಿಕೊಳ್ಳುತ್ತಿದ್ದ ಬಾಲಾಜಿ ರಾಜೀನಾಮೆ ಕೊಟ್ಟಿದ್ದ. ಅಂದೇ ಕೊನೆಯ ದಿನ. ಸೋಮವಾರದಿಂದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸ ಕೆಲಸ. ಕೇಸ್ ಬಿದ್ದರೆ ಅದೂ ಇಲ್ಲ, ಇನ್ನೊಂದೂ ಇಲ್ಲ.

*

ಸೈಬರ್ ಠಾಣೆಯ ಎಸ್‌ಐ ಶರಣಮ್ಮ ರಾಯಚೂರು ಕಡೆಯವರು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ಪಾಸ್‌ವರ್ಡ್ ತಪ್ಪಂತ ಹೇಳ್ತದೇನು?"

"ಇಲ್ಲ ಮೇಡಂ. ಬನ್ನಿ ಅಂತ ಕರ್ದು ಆಚೆ ಹಾಕತ್ತೆ," ಎಂದಳು ವೇಣಿ.

"ಅಂದ್ರ ಬಾಗ್ಲಾ ಸರಿ ಅದ. ಒಳಗ ಕರ್ಕೊಳ್ಳವ್ರು ಇಲ್ಲ."

ಬಾಲಾಜಿ ವಿವರಿಸಿದ. ಪಾಸ್‌ವರ್ಡ್ ಆದಮೇಲೆ ಬಂದವರನ್ನು ಶೆಲ್ ಎಂಬ ಪ್ರೋಗ್ರಾಂ ಬರಮಾಡಿಕೊಳ್ಳಬೇಕು. ಇಲ್ಲಿಯವರಿಗೆ ಶೆಲ್‌ನ ಜಾಗದಲ್ಲಿ ಅವನೇ ಬರೆದ, ಡ್ರಾಯಿಂಗ್ ಆರಿಸಿಕೊಳ್ಳುವ ಮೆನು. ಅಡ್ಮಿನ್ ಖಾತೆಗೆ ಮಾತ್ರ ಮಾಮೂಲಿ ಶೆಲ್. ಬೆಳಿಗ್ಗೆಯಿಂದ ಅವನನ್ನು ಕೀಬೋರ್ಡ್ ಹತ್ತಿರ ಬಿಟ್ಟಿರಲಿಲ್ಲ. ಈಗ ಶರಣಮ್ಮನ ಎದುರೇ ಅಡ್ಮಿನ್ ಆಗಿ ಹೊಕ್ಕು ಮೆನುವನ್ನು ನಡೆಸಿದ. ನಡೆಯಿತು.

"ನೋಡಿದ್ರಾ? ಇವನಿಗೆ ಮಾತ್ರ ನಡೆಯತ್ತೆ!" ಎಂದರು ಭಾನುಪ್ರಕಾಶ್.

ಬಾಲಾಜಿ ಕೀಬೋರ್ಡಿನಿಂದ ಕೈ ತೆಗೆದ.

"ಅಡ್ಮಿನ್ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತದ?"

"ಇವನಿಗೆ. ನನಗೆ," ಎಂದರು ಭಾನುಪ್ರಕಾಶ್.

"ಪೂಜಿ ದಿನ ಸರ್ವರ್ ಯಾರು ಮುಟ್ಟಿದ್ರು?"

"ಯಾರೂ ಇಲ್ಲ. ಪೂಜೆಗಿಟ್ಟಿದ್ದನ್ನ ಯಾರಾದ್ರೂ ಮುಟ್ತಾರಾ ಮೇಡಂ?"

ಶರಣಮ್ಮ ಮೆನುವಿನ ಫೈಲ್ ಯಾವಾಗ ಬದಲಾಗಿದೆ ಎಂದು ನೋಡಿದರು. ಪೂಜೆಯ ದಿನವೇ, ಬೆಳಿಗ್ಗೆ ಹನ್ನೊಂದು ಗಂಟೆಗೆ.

"ಆಗ ಬಾಲಾಜಿ ಗೇಟಲ್ಲಿ ಬೂದುಗುಂಬಳಕಾಯಿ ಒಡೀತಿದ್ರು," ಎಂದಳು ವೇಣಿ. ಮೊಬೈಲಿನಲ್ಲಿ ಫೋಟೋ ಇತ್ತು. ಅದೇ ಹೊತ್ತು. ಬಾಲಾಜಿಯ ಎರಡೂ ಅಂಗೈ ತುಂಬ ಕುಂಕುಮ.

*

ಶರಣಮ್ಮ ಕಾರ್ಖಾನೆಯೊಳಗೆ ಒಂದು ಸುತ್ತು ಬಂದರು. ಪ್ರತಿ ಯಂತ್ರದ ನೆತ್ತಿಯ ಮೇಲೂ ಅರಿಶಿನದಲ್ಲಿ 'ಶ್ರೀ'. ಸರ್ವರ್ ಪೆಟ್ಟಿಗೆಯ ಮೇಲೂ.

"ಯಾರು ಬರ್ದದ್ದು?"

"ನಾನೇ," ಎಂದರು ಭಾನುಪ್ರಕಾಶ್. "ಇಲ್ಲಿ ರಾಗಿ ಬೆಳೀತಿದ್ದ ತಾತನ ಕಾಲದಿಂದ್ಲೂ ಮೇಲೆ ಶ್ರೀ ಇಲ್ದೆ ನಮ್ಮನೇಲಿ ಯಾವ್ದೂ ಶುರು ಆಗಲ್ಲ."

"ಯಾವ್ದೂ?"

"ಯಾವ್ದೂ."

ಶರಣಮ್ಮ ಸರ್ವರ್ ಹತ್ತಿರ ವಾಪಸ್ ಬಂದು ಮೆನುವಿನ ಫೈಲ್ ತೆರೆಸಿದರು. ಮೊದಲ ಸಾಲಿನಲ್ಲಿ ಒಂದು ಹ್ಯಾಶ್ ಗುರುತು (#). ಅದರ ಪಕ್ಕ, ಇಂಗ್ಲಿಷ್ ಅಕ್ಷರಗಳಲ್ಲಿ, ಶ್ರೀ.

 ಎಲ್ಲರೂ ಮಾಲೀಕರ ಕಡೆ ತಿರುಗಿದರು.

"ನಾನು ಮುಟ್ಟಲಿಲ್ಲ ಮೇಡಂ," ಎಂದರು ಭಾನುಪ್ರಕಾಶ್. "ಪೂಜೆ ಮಾಡ್ದೆ, ಅಷ್ಟೆ. ಹ್ಯಾಶ್ ಹಾಕಿದ್ರೆ ಕಂಪ್ಯೂಟರ್ ಆ ಸಾಲನ್ನ ಲೆಕ್ಕಕ್ಕೆ ತಗೊಳಲ್ಲ ಅಂತ ನಂಗೂ ಗೊತ್ತು. ಓಡಿಸೂ ನೋಡ್ದೆ. ಓಡ್ತಲ್ಲ!"

"ನೀವು ಅಡ್ಮಿನ್ ಶೆಲ್ಲಿನಾಗ ಕುಂತು ಓಡ್ಸಿರಿ. ಅದು ಗೊತ್ತುಗುರಿ ಇಲ್ಲದ ಫೈಲ್ ಬಂದ್ರೂ ನಂದೇ ಇರ್ಬೇಕಂತ ನಡಸ್ತದ. ಲಾಗಿನ್ನಿಗೆ ಆ ಸಲಿಗಿ ಇಲ್ಲ. ಯಾವ ಪ್ರೋಗ್ರಾಂ ನನ್ನ ನಡಸ್ಬೇಕು ಅಂತ ಫೈಲಿನ ಮೊದಲ್ನೇ ಸಾಲ್ನಾಗ ಬರ್ದಿರ್ಬೇಕು. ಅದನ್ನ ನೀವು ಎರಡನೇ ಸಾಲಿಗೆ ಇಳಿಸಿರಿ. ಅದಕ್ಕ ಬಂದವ್ರನ್ನ ವಾಪಸ್ ಕಳ್ಸ್ತದ."

ಬಾಲಾಜಿ ಎರಡು ಸಾಲುಗಳನ್ನು ಅದಲುಬದಲು ಮಾಡಿದ. ವೇಣಿ ಲಾಗಿನ್ ಆದಳು. ಈ ಸಲ ಒಳಗೇ ಉಳಿದಳು.

"ಶ್ರೀ ಎರಡ್ನೇದಾಯ್ತಲ್ಲೋ," ಎಂದು ಭಾನುಪ್ರಕಾಶ್ ಗೊಣಗಿದರು. ಆಮೇಲೆ ಬಾಲಾಜಿಯ ಮುಖ ನೋಡಲಾರದೆ, "ತಪ್ಪಾಯ್ತು ಕಣಪ್ಪ," ಎಂದು ಲೆಟರ್‌ಹೆಡ್ ಎಳೆದುಕೊಂಡರು. ಕೆಲಸದಿಂದ ಬಿಡುಗಡೆಯ ಪತ್ರ ಬರೆಯಲು ಪೆನ್ನು ಹಾಳೆಯ ತಲೆಗೆ ಹೋಯಿತು. ಅಲ್ಲೇ ನಿಂತಿತು.

"ಬರೀರಿ ಸಾರ್," ಎಂದ ಬಾಲಾಜಿ. "ಕಾಗದದ ಮೇಲೆ ಏನೂ ತೊಂದ್ರೆ ಇಲ್ಲ."