ಎದ್ದ ಹೆಣಕ್ಕೆ ದನಿ ಕೊಟ್ಟವಳು

"ಮೇಡಂ... ನೀವು ಹೆಣ ಆಗ್ತೀರಾ?"

ಗುಂಡ್ಲುಪೇಟೆ ತಾಲ್ಲೂಕು ಕಚೇರಿಯ ಪಹಣಿ ಕಿಟಕಿಯೊಳಗೆ ಕೂತಿದ್ದ ಶಶಿರೇಖಾಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ಬೆಳಗಿನಿಂದ ಎಷ್ಟೋ ತಲೆಗಳು ಆ ಕಿಟಕಿಯಲ್ಲಿ ತೂರಿಹೋಗಿದ್ದವು. ಕರೆಂಟ್ ಯಾವಾಗ ಬರುತ್ತೆ ಎಂದು ಕೇಳಿದವರಿದ್ದರು, ತಾತನ ಹೆಸರು ಯಾಕೆ ತಪ್ಪಾಗಿದೆ ಎಂದು ಜಗಳಕ್ಕೆ ನಿಂತವರಿದ್ದರು. ಹೆಣ ಆಗ್ತೀರಾ ಎಂದು ಕೇಳಿದವನು ಇವನೊಬ್ಬನೇ!

"ಏನಂದ್ರಿ?"

"ತಪ್ಪು ತಿಳ್ಕೋಬೇಡಿ ಕಣ್ರೀ! ನಾನು ಸೋಮೇಶ್. ಊರ ಕೇಬಲ್ ಚಾನೆಲ್ ನಂದೇ. ಜಪಾನಿನ ಕಾರ್ಟೂನ್ ಒಂದಕ್ಕೆ ನಮ್ ಕಡೆ ಮಾತು ಹಾಕ್ತಾ ಇವ್ನಿ. ಸತ್ತೋರೆಲ್ಲ ಎದ್ದು ಊರು ತುಂಬ ಅಲೆಯೋ ಕಾಮಿಡಿ. ಹೆಣದ ಹುಡುಗಿಗೆ ದನಿ ಸಿಕ್ಕಿರ್ನಿಲ್ಲ. ಈಗ ನೀವು 'ಹಂಗಳದ ಮರಿಮಲ್ಲಪ್ಪ' ಅಂತ ಕೂಗಿದ್ರಲ್ಲ... ಅದೇ ದನಿ! ಒಂಚೂರೂ ಜೀವ ಇಲ್ಲ!"

ಸಾಲಿನಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಶಶಿರೇಖಾಳಿಗೆ ಕೋಪ ಬರಬೇಕಿತ್ತು. ಆದರೆ ಕೋಪಕ್ಕೂ ಶಕ್ತಿ ಬೇಕಲ್ಲ!

"ಸರ್ವೆ ನಂಬರ್ ಹೇಳಿ" ಎಂದಳು.

ಅವನು ಸರ್ವೆ ನಂಬರಿನ ಜೊತೆಗೆ ತನ್ನ ಫೋನ್ ನಂಬರನ್ನೂ ಬರೆದುಕೊಟ್ಟು ಹೋದ.

ಆ ಚೀಟಿಯನ್ನು ಅವಳು ಹರಿಯಲಿಲ್ಲ. ಇಪ್ಪತ್ತೊಂಬತ್ತರ ವಯಸ್ಸಿನ ಅವಳ ದಣಿವು ಮೂರು ವರ್ಷದಲ್ಲಿ ಒಬ್ಬರ ಕಣ್ಣಿಗಾದರೂ ಬಿದ್ದಿತ್ತು. ಹೇಳಿದ ರೀತಿ ವಿಚಿತ್ರವಾಗಿತ್ತು, ಅಷ್ಟೆ.

ಮೂರು ವರ್ಷದ ಹಿಂದೆ, ಅಪ್ಪ ತೀರಿಕೊಂಡ ವರ್ಷವೇ ಅವ್ವ ಗಂಗಾಂಬಿಕೆಗೆ ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಯಿತು, ಬಾಯಿ ಒಂದು ಕಡೆಗೆ ವಾಲಿತು, ಮಾತೆಲ್ಲ ಹೋಗಿ ಒಂದೇ ಒಂದು ಉಳಿಯಿತು.

"ಉಂಡ್ಯಾ?"

ಸ್ನಾನ ಮಾಡಿಸುವಾಗಲೂ ಅದೇ. ನೋವಾದಾಗಲೂ ಅದೇ. ಚಾಮರಾಜನಗರದ ಡಾಕ್ಟರು, "ಆ ಒಂದು ಮಾತು ನಿಲ್ಲದ ಹಾಗೆ ನೋಡ್ಕೊಳ್ಳಮ್ಮ. ಬೇರೆ ಮಾತು ಬರೋದಿದ್ರೆ ಅದರ ಹಿಂದೇನೇ ಬರಬೇಕು" ಎಂದಿದ್ದರು. ಹಗಲಲ್ಲಿ ಪಕ್ಕದ ಮನೆಯ ಪುಟ್ಟಮಲ್ಲಮ್ಮ ನೋಡಿಕೊಳ್ಳುತ್ತಿದ್ದಳು. ಸಂಜೆ ಶಶಿರೇಖಾ ಬಾಗಿಲು ದಾಟುತ್ತಲೇ ಅವ್ವ ಕೇಳುವಳು, "ಉಂಡ್ಯಾ?"

"ಉಂಡೆ ಕಣವ್ವ."

ಎಷ್ಟೋ ದಿನ ಅದು ಸುಳ್ಳು. ಎರಡು ಲೋಟ ಟೀ ಕುಡಿದೇ ದಿನ ಕಳೆದಿರುತ್ತಿತ್ತು. ಇಲ್ಲ ಅಂದರೆ ಅವ್ವ ಎಡಗೈಯಲ್ಲೇ ಹಾಸಿಗೆ ಒತ್ತಿ ಏಳಲು ಹೋಗುತ್ತಾಳೆ, ಬೀಳುತ್ತಾಳೆ... ಆ ಸುಳ್ಳೇ ವಾಸಿ ಅಲ್ಲವೇ?

ಆ ಭಾನುವಾರ, ಸೋಮೇಶನ ಕಥೆ ಕೇಳಿ ನಕ್ಕಿದ್ದ ಪುಟ್ಟಮಲ್ಲಮ್ಮನೇ ಅವಳನ್ನು ಹೊರಗೆ ದಬ್ಬಿದಳು. "ಎರಡ್ ಗಂಟೆ ಓಗ್ಬಾ ಕಣಮ್ಮಿ, ನಾನಿಲ್ವಾ? ಹೆಣ ಆಗೋಕಾದ್ರೂ ಮನೆ ಬುಟ್ಟು ಓಗು!"

ಕೇಬಲ್ ಆಫೀಸೆಂದರೆ ಬಟ್ಟೆ ಅಂಗಡಿಯ ಮಹಡಿ ಮೇಲಿನ ಒಂದು ರೂಮು. ಸದ್ದು ಒಳಗೆ ಬಾರದಿರಲೆಂದು ಸೋಮೇಶ್ ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದ್ದ. ಒಂದು ಕಂಪ್ಯೂಟರು, ಒಂದು ಮೈಕು. ಸಿಡಿಯಲ್ಲಿದ್ದ ಜಪಾನಿ ಭಾಷೆ ಅವನಿಗೂ ಬರದು, ಅವಳಿಗೂ ಬರದು. ಬೊಂಬೆಗಳ ಮುಖ ನೋಡಿ ಅವನೇ ಮಾತು ಹೊಸೆಯುತ್ತಿದ್ದ. ಕೀಬೋರ್ಡಿನ ಒಂದು ಕೀ ಒತ್ತಿದರೆ ನೂರು ಜನ ಹೊಟ್ಟೆ ಹಿಡಿದು ನಗುವ ಸದ್ದು ಬರುತ್ತಿತ್ತು.

"ಇದೊಂದು ಇದ್ರೆ ಸಾಕು ಕಣ್ರೀ, ಎಂಥಾ ಪೇಚಾಟದಲ್ಲೂ ಪಾರಾಗ್ಬೋದು" ಎನ್ನುತ್ತಿದ್ದ.

ಪರದೆಯ ಮೇಲೆ ಹೆಣಗಳು ಕೈ ಚಾಚಿಕೊಂಡು ಸಾಲಾಗಿ ಬರುತ್ತಿದ್ದವು. ಶಶಿರೇಖಾ ಮೈಕಿನ ಮುಂದೆ ಬಾಗಿ, "ಬುಡ್ರಪ್ಪಾ ನನ್ನ... ಸತ್ತ್ ಮೇಲೂ ಎಬ್ಬಿಸ್ತೀರಲ್ಲ... ಇವತ್ತು ನಂಗೆ ರಜ..." ಎಂದಳು.

ಸೋಮೇಶ್ ಕುರ್ಚಿಯಿಂದ ಜಾರಿ ಬೀಳುವಷ್ಟು ನಕ್ಕ. ಆ ಕೀ ಒತ್ತುವುದನ್ನೇ ಮರೆತ. ಅವಳೂ ನಕ್ಕಳು... ತನ್ನ ನಗುವಿನ ಸದ್ದು ತನಗೇ ಹೊಸದೆನಿಸಿತು!

ಹೀಗೆ ಐದು ಭಾನುವಾರ ಕಳೆದವು. ಬೆಳಗ್ಗೆ ದನಿ ಕೊಡುವುದು, ಸಂಜೆ ನಾಲ್ಕಕ್ಕೆ ಊರೆಲ್ಲ ನೋಡುವುದು.

"ಹೆಣದ ಕೆಲಸ ಚೆನ್ನಾಗದೆ ಕಣ್ರೀ" ಎಂದಳು ಒಂದು ದಿನ. "ಸತ್ತೋರಿಗೆ ಸೋಮವಾರ ಬರಲ್ಲ."

ಅವನು ನಗಲಿಲ್ಲ. "ಅಷ್ಟು ಸುಸ್ತಾ?"

ಆ ಎರಡು ಮಾತಿಗೆ ಅವಳೊಳಗೆ ಏನೋ ಸಡಿಲವಾಯಿತು. ಅವಳು ಎಲ್ಲ ಹೇಳಿಬಿಟ್ಟಳು. ಅವ್ವನ ಕೈ, ವಾಲಿದ ಬಾಯಿ, ಉಳಿದ ಒಂದೇ ಮಾತು... ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಇವನ ಮುಂದೆ ಇಷ್ಟು ಸುಲಭವಾಗಿ ಹೇಗೆ ಬಾಯಿ ಬಿಟ್ಟೆ ನಾನು, ಎಂದುಕೊಳ್ಳುತ್ತ ಮನೆಗೆ ಹೋದಳು. ಮನಸ್ಸು ಹಗುರವಾಗಿತ್ತು. ಪ್ರೀತಿ ಅನ್ನುವುದಕ್ಕೆ ಅವಳಿನ್ನೂ ಹೆದರುತ್ತಿದ್ದಳು, ಆದರೆ ಭಾನುವಾರಕ್ಕೆ ದಿನ ಎಣಿಸತೊಡಗಿದ್ದಳು.

ಮುಂದಿನ ಭಾನುವಾರ ಕಾರ್ಟೂನಿನಲ್ಲಿ ಹೊಸ ಹೆಣವೊಂದು ಬಂತು. ಮುದುಕಿ. ಅದರ ದನಿಗೆ ಅವಳನ್ನು ಕರೆದಿರಲಿಲ್ಲ.

ನಾಲ್ಕು ಗಂಟೆಗೆ ಅವ್ವನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದಳು. ಪುಟ್ಟಮಲ್ಲಮ್ಮನೂ ಕಾಲು ಚಾಚಿ ಕೂತಿದ್ದಳು. ಪರದೆಯ ಮೇಲೆ ಆ ಮುದುಕಿ ಹೆಣ ಒಂದು ಕೈ ಜೋಲಾಡಿಸುತ್ತ, ಬಾಯಿ ವಾಲಿಸಿಕೊಂಡು ಒಂದು ಮನೆಯ ಬಾಗಿಲಿಗೆ ಬಂದು ನಿಂತಿತು. ಒಳಗಿದ್ದ ಮಗಳು ಹೆದರಿ ಮೂಲೆ ಸೇರಿದಳು. ಸೋಮೇಶನ ಕೀರಲು ದನಿ ಕೇಳಿಸಿತು.

"ಉಂಡ್ಯಾ...?"

ನೂರು ಜನ ಹೊಟ್ಟೆ ಹಿಡಿದು ನಕ್ಕರು!

ಪುಟ್ಟಮಲ್ಲಮ್ಮ ತಾನೂ ನಕ್ಕವಳು ತಕ್ಷಣ ಸೆರಗು ಬಾಯಿಗೆ ಒತ್ತಿಕೊಂಡಳು. ಶಶಿರೇಖಾ ಓಡಿಹೋಗಿ ಟಿವಿ ಆರಿಸಿದಳು. ತಿರುಗಿ ನೋಡಿದರೆ ಅವ್ವನ ಕಣ್ಣು ಆರಿದ ಪರದೆಯ ಮೇಲೇ ಇತ್ತು.

ಆ ಸಂಜೆ ಅವ್ವ ಕೇಳಲಿಲ್ಲ. ಮರುದಿನ ಬಾಗಿಲು ದಾಟಿ ಬಂದಾಗಲೂ ಕೇಳಲಿಲ್ಲ. ಕಚೇರಿಯ ಸಾಲಿನಲ್ಲಿ ಮಾತ್ರ ಯಾರೋ ಕೀರಲು ದನಿಯಲ್ಲಿ, "ಉಂಡ್ಯಾ ಮೇಡಂ?" ಎಂದು ಚೇಷ್ಟೆ ಮಾಡಿದರು. ಊರಿಗೆ ಊರೇ ಆ ಮಾತು ಕಲಿತಿತ್ತು. ಅದನ್ನು ಆಡುತ್ತಿದ್ದವಳೊಬ್ಬಳೇ ಮೂಕಿಯಾಗಿದ್ದಳು.

ಮಂಗಳವಾರ ಸೋಮೇಶ್ ಕಿಟಕಿಗೆ ಬಂದ.

"ಶಶಿ..."

"ಸರ್ವೆ ನಂಬರ್ ಹೇಳಿ."

"ಒಂದ್ ಮಾತು ಕೇಳಿ..."

"ಪಹಣಿ ಬೇಡದಿದ್ರೆ ಪಕ್ಕಕ್ಕೆ ಹೋಗಿ. ಹಿಂದೆ ಜನ ನಿಂತವ್ರೆ."

ಊಟದ ಬಿಡುವಿನಲ್ಲಿ ಅವಳು ಹೊರಗೆ ಬಂದಾಗ ಅವನು ಹೊಂಗೆ ಮರದ ಕೆಳಗೆ ಇನ್ನೂ ನಿಂತೇ ಇದ್ದ.

"ನಮ್ಮವ್ವನ್ನ ಹೆಣ ಮಾಡಿ ನಗಿಸಿದ್ರಲ್ಲ... ನಿಮ್ಮನ್ನ ನಂಬಿ ಹೇಳಿದ್ದೆ ಸೋಮೇಶ್!"

"ನಗಿಸೋಕಲ್ಲ ಬರೆದಿದ್ದು. ಆಣೆಗೂ ಅಲ್ಲ. ಆ ಮುದುಕಿ ಒಬ್ಳೇ ಯಾರನ್ನೂ ಕಚ್ಚಲ್ಲ. ಮಗಳ ಮುಂದೆ ಬಟ್ಟಲು ಇಡ್ತಾಳೆ ಅಷ್ಟೆ. ಅಷ್ಟೊತ್ತೂ ನಗಿಸಿದ ಕಾರ್ಟೂನು ಅಲ್ಲಿ ಇದ್ದಕ್ಕಿದ್ದಂಗೆ ಕರುಳು ಕಿವುಚ್ತು. ನಿಮ್ಮವ್ವನೇ ಕಂಡ್ರು. ಬೇರೆ ಮಾತೇ ತೋಚ್ಲಿಲ್ಲ ನಂಗೆ. ಆ ಮಾತು ಹೇಳಿದ್ಮೇಲೆ ಅಳು ಬಂತು... ಕೈ ತಾನಾಗೇ ನಗು ಒತ್ಬುಡ್ತು. ನಮ್ಮಪ್ಪ ಹೋದಾಗಿಂದ ಹಿಂಗೇ ನಾನು. ಅಳು ಬಂದ್ ಜಾಗದಲ್ಲೆಲ್ಲ ನಗು ಒತ್ಕಂಡು ಓಡೋಗ್ತೀನಿ."

ಅವಳ ಕಣ್ಣು ತುಂಬಿತು. ಅವನ ಮಾತು ಸುಳ್ಳಲ್ಲವೆಂದು ಗೊತ್ತಾಗುತ್ತಿತ್ತು. ಭಾನುವಾರ ಭಾನುವಾರ ತಾನೂ ಓಡಿಹೋಗುತ್ತಿದ್ದದ್ದು ಆ ನಗುವಿಗೇ ತಾನೆ? ಆದರೂ...

"ಅವ್ವ ಕೇಳೋದು ನಿಲ್ಸವ್ಳೆ" ಎಂದಳು. "ಎರಡು ದಿನ ಆಯ್ತು. ಇದ್ದ ಒಂದ್ ಮಾತೂ ಹೋಯ್ತು."

ಸೋಮೇಶನ ಮುಖ ಬಿಳುಚಿಕೊಂಡಿತು. ಯಾವ ಕೀ ಒತ್ತಿದರೆ ಅದಕ್ಕೆ ಪರಿಹಾರ?

ಆ ವಾರ ಅವನು ಮತ್ತೆ ಕಿಟಕಿಗೆ ಬರಲಿಲ್ಲ. ಬರದಿದ್ದದ್ದು ಒಳ್ಳೆಯದಾಯಿತು ಎಂದು ಅವಳು ದಿನಕ್ಕೆ ಹತ್ತು ಸಲ ಅಂದುಕೊಂಡಳು. ಒಳ್ಳೆಯದಾಗಿದ್ದರೆ ಹತ್ತು ಸಲ ಯಾಕೆ ಅಂದುಕೊಳ್ಳಬೇಕಿತ್ತೋ!

ಭಾನುವಾರ ನಾಲ್ಕಕ್ಕೆ ಪುಟ್ಟಮಲ್ಲಮ್ಮನೇ ಟಿವಿ ಹಾಕಿದಳು. "ಬ್ಯಾಡ ಅನ್ಬ್ಯಾಡ ಕಣಮ್ಮಿ. ಆ ಹುಡುಗ ನಿನ್ನೆ ನೀನಿಲ್ದಾಗ ಬಂದು ಬಾಗಲಲ್ಲೇ ನಿಂತ್ಕಂಡು ಬೇಡ್ಕಂಡು ಓದ. 'ಒಂದ್ಸಲ ತೋರ್ಸವ್ವಾ' ಅಂತ."

ಮತ್ತೆ ಅದೇ ಮುದುಕಿ, ಅದೇ ಬಾಗಿಲು. ಶಶಿರೇಖಾ ಆರಿಸಲು ಎದ್ದಳು. ಎದ್ದವಳು ಹಾಗೇ ನಿಂತಳು.

ಈ ಸಲ ಕೀರಲು ದನಿ ಇಲ್ಲ, ನಗುವಿಲ್ಲ, ಯಾವ ಸದ್ದೂ ಇಲ್ಲ. ಮುದುಕಿ ಹೆಣ ಬಟ್ಟಲನ್ನು ಮಗಳ ಮುಂದೆ ಇಟ್ಟಿತು. ಅದರ ವಾಲಿದ ಬಾಯಿ ಅಲುಗಿತು. ಮಾತು ಇರಬೇಕಾದ ಜಾಗವನ್ನು ಸೋಮೇಶ್ ಖಾಲಿ ಬಿಟ್ಟಿದ್ದ.

ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು.

"ಉಂಡ್ಯಾ?"

ಶಶಿರೇಖಾ ಬೆಚ್ಚಿ ತಿರುಗಿದಳು. ಅವ್ವ! ಅವ್ವನ ಕಣ್ಣು ಪರದೆಯ ಮೇಲಿರಲಿಲ್ಲ, ಮಗಳ ಮೇಲಿತ್ತು.

"ಉಂಡ್ಯಾ?" ಎಂದಳು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ.

ನಾಲಿಗೆಯ ತುದಿಗೆ ಆ ಹಳೆಯ ಸುಳ್ಳು ಬಂದೇ ಬಂತು. ಶಶಿರೇಖಾ ಅದನ್ನು ನುಂಗಿಕೊಂಡಳು.

"ಇಲ್ಲ ಕಣವ್ವ... ಉಂಡಿಲ್ಲ. ತುಂಬಾ ಸುಸ್ತಾಗದೆ ಕಣವ್ವ ನಂಗೆ!"

ಮೂರು ವರ್ಷದ ಅಳು ಒಂದೇ ಸಲಕ್ಕೆ ಒತ್ತರಿಸಿ ಬಂತು. ಅವ್ವ ಏಳಲು ಹೋಗಲಿಲ್ಲ, ಬೀಳಲಿಲ್ಲ. ತನ್ನ ಮಡಿಲಿಗೆ ಬಂದ ಮಗಳ ತಲೆಯ ಮೇಲೆ ಎಡಗೈ ಇಟ್ಟುಕೊಂಡು ಕೂತಳು. ಪುಟ್ಟಮಲ್ಲಮ್ಮ ಮೂಗು ಒರೆಸಿಕೊಳ್ಳುತ್ತ ಅಡುಗೆಮನೆಗೆ ಎದ್ದು ಹೋದಳು.

ಸ್ವಲ್ಪ ಹೊತ್ತಿಗೆ ಹೊರಗೆ ಬೈಕು ನಿಂತ ಸದ್ದಾಯಿತು. ಸೋಮೇಶ್ ಹೊಸ್ತಿಲಾಚೆ ನಿಂತಿದ್ದ, ಒಳಗೆ ಬರುವ ಧೈರ್ಯವಿಲ್ಲದೆ.

"ಉಂಡ್ಯಾ?" ಎಂದಳು ಗಂಗಾಂಬಿಕೆ ಅವನನ್ನೇ ನೋಡಿ.

ಅವನ ಮುಖ ಕುಸಿಯಿತು. ಬಲಗೈ ಬೆರಳು ಗಾಳಿಯಲ್ಲಿ ಏನನ್ನೋ ಒತ್ತಲು ಹುಡುಕಿ ಸುಮ್ಮನಾಯಿತು.

"ಇಲ್ಲ ಕಣವ್ವ" ಎಂದು ಅತ್ತುಬಿಟ್ಟ.

ಶಶಿರೇಖಾ ಕಣ್ಣೊರೆಸಿಕೊಂಡು ಎದ್ದಳು. ಎರಡು ತಟ್ಟೆ ಹಾಕಿ ಅನ್ನ, ಹುರುಳಿ ಸಾರು ಬಡಿಸಿದಳು. ಇಬ್ಬರೂ ಅವ್ವನ ಎದುರಿಗೆ ಕೂತು ಉಂಡರು.

ಊಟ ಮುಗಿಯುವ ಹೊತ್ತಿಗೆ ಅವನು ಮೆಲ್ಲಗೆ ಕೇಳಿದ. "ಶಶಿ... ದಿನಾ ಸಂಜೆ ಬಂದು ನಾನೂ ನಿಮ್ಮನ್ನ ಕೇಳ್ಬೋದಾ? ಉಂಡ್ರಾ ಅಂತ... ಕಡೇವರ್ಗೂ?"

ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಕೇಳಿ. ನಾನು ಸುಳ್ಳು ಹೇಳಲ್ಲ. ನೀವು ನಗು ಒತ್ಬೇಡಿ."

"ನಗು ಬಂದ್ರೆ?"

"ಬಂದ್ರೆ ನಗಿ."