ಬಸ್ ಸ್ಟಾಪಿನ ಸಂಸಾರ

ಆ ದಿನ ಅವಳು ನನ್ನ ಮುಖವನ್ನೂ ನೋಡದೆ ಬಸ್ ಹತ್ತಿದಳು.

ಬೇರೆಯವರಿಗೆ ಇದು ಸಣ್ಣ ವಿಷಯ ಇರಬಹುದು. ನಮ್ಮ ಸಂಸಾರ ನಡೆಯುವುದೇ ಬಸ್ ಸ್ಟಾಪಿನಲ್ಲಿ. ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೂತು ಮೇಣ ಕೆತ್ತುತ್ತೇನೆ. ಮಧ್ಯಾಹ್ನದಿಂದ ರಾತ್ರಿಯವರೆಗೆ ಅವಳು ವಾಷಿಂಗ್ ಮಷೀನ್ ಕಂಪನಿಯೊಂದರ ಹೆಲ್ಪ್‌ಲೈನಿನಲ್ಲಿ ಫೋನ್ ಎತ್ತುತ್ತಾಳೆ. ನಾನು ಇಳಿಯುವ ಬಸ್ಸನ್ನೇ ಅವಳು ಹತ್ತಬೇಕು. ನಾನು ಇಳಿದು, ಅವಳ ತೋಳಿನಿಂದ ಮಗಳನ್ನು ಎತ್ತಿಕೊಂಡು, ಅವಳು ಹತ್ತಿ ಕೂರುವಷ್ಟರಲ್ಲಿ ಆ ದಿನದ ದಾಂಪತ್ಯ ಮುಗಿಯಿತು. ರಾತ್ರಿ ಅವಳು ಬರುವಾಗ ನಾನೂ ಮಗಳೂ ನಿದ್ದೆಯಲ್ಲಿರುತ್ತೇವೆ, ಬೆಳಿಗ್ಗೆ ನಾನು ಹೊರಡುವಾಗ ಅವಳು. ನಮ್ಮ ರಜೆಗಳೂ ಕೂಡಿ ಬರುವುದಿಲ್ಲ.

ಆದರೂ ಆ ಒಂದು ಗಳಿಗೆಯಲ್ಲೇ ನಾವು ಬೇಕಾದಷ್ಟು ಮಾಡುತ್ತಿದ್ದೆವು. ನನ್ನ ಹುಬ್ಬಿಗೆ ಅಂಟಿದ, ಹಲ್ಲಿನ ಅಚ್ಚಿನ ಪ್ಲಾಸ್ಟರ್ ಪುಡಿಯನ್ನು ಅವಳು ಉಫ್ ಎಂದು ಊದುತ್ತಿದ್ದಳು.

"ಇವತ್ತು ಯಾರ ಹಲ್ಲು ಕಿತ್ತೆ?"

"ಕೀಳೋದು ಡಾಕ್ಟರ್ ಕೆಲಸ. ನಾನು ಕಟ್ಟೋನು."

"ನಂಗೊಂದು ಕಟ್ಕೊಡು, ನಿನ್ನ ಕಚ್ಚೋಕೆ."

ಹಾಗೆಂದು ಕೆಳತುಟಿಯನ್ನು ಒಳಗೆಳೆದುಕೊಂಡು, ಕಣ್ಣಷ್ಟೇ ಮೇಲೆತ್ತಿ ನೋಡುತ್ತಿದ್ದಳು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಮಗು ಕೊಟ್ಟಾಯ್ತೇನಮ್ಮಾ, ಇಲ್ಲ ನಾನೇ ಇಳಿದು ಬರ್ಲಾ?" ಎನ್ನುತ್ತಿದ್ದರು. ಅವಳು ನಾಚದೆ ನಕ್ಕು ಹತ್ತಿಬಿಡುತ್ತಿದ್ದಳು. ಆ ನೋಟವನ್ನು ಜೇಬಿಗೆ ಹಾಕಿಕೊಂಡು ನಾನು ಸಂಜೆ ಕಳೆಯುತ್ತಿದ್ದೆ.

ಆ ದಿನ ಮಾತ್ರ ಮಗಳನ್ನು ಕೊಡುತ್ತಾ, "ಡೈಪರ್ ಬದಲಾಯಿಸಿಲ್ಲ," ಅಂದಳು. ಅಷ್ಟೇ. ಮರುದಿನ ಅದೂ ಇಲ್ಲ.

ಏನು ತಪ್ಪು ಮಾಡಿದೆನೆಂದು ತಲೆ ಕೆರೆದುಕೊಂಡೆ. ಮ್ಯೂಸಿಕ್ಕೇ ಇರಬೇಕು ಎನಿಸಿತು. ಮನೆಯಲ್ಲಿ ನಾನು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ. ಮಗಳು ಹುಟ್ಟುವ ಮೊದಲು ಅದಕ್ಕೊಂದು ರೂಮೇ ಇತ್ತು. ಈಗ ಅದು ಮಗಳು ಗುಬ್ಬಿಯ ರೂಮು. ನನ್ನ ಲ್ಯಾಪ್‌ಟಾಪ್, ಪುಟ್ಟ ಕೀಬೋರ್ಡು, ಎರಡು ಸ್ಪೀಕರುಗಳು ಇಸ್ತ್ರಿ ಟೇಬಲ್ಲಿಗೆ ಬಡ್ತಿ ಪಡೆದಿವೆ. ಗುಬ್ಬಿ ಚಾಪೆಯ ಮೇಲೆ ಉರುಳಾಡುತ್ತಾಳೆ, ನಾನು ಪಕ್ಕದಲ್ಲಿ ನಿಂತು ಸದ್ದಿನ ತುಣುಕುಗಳ ಲೂಪ್ ಜೋಡಿಸುತ್ತೇನೆ. ಹೆಡ್‌ಫೋನ್ ಹಾಕಿದರೆ ಮಗು ಅತ್ತದ್ದು ಕೇಳುವುದಿಲ್ಲ ಎಂದು ಅದನ್ನು ಎತ್ತಿಟ್ಟಿದ್ದೇನೆ.

ನಿಜ ಹೇಳಬೇಕೆಂದರೆ ಆ ಸಂಜೆಗಳು ತುಂಬಾ ಉದ್ದ. ಮಗಳೆಂದರೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾತು ಬಾರದ ಮಗುವಿನ ಜೊತೆ ಸಂಜೆಯೆಲ್ಲ ಕಳೆದವನಿಗೆ, ಯಾರಾದರೂ "ಊಟ ಆಯ್ತಾ" ಎಂದು ಕೇಳಿದ್ದರೂ ಅದೇ ಹಬ್ಬವಾಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ.

ಮೂರನೆಯ ದಿನವೂ ಅವಳು ಬಸ್ ಹತ್ತಿ ಆಚೆ ಕಡೆಯ ಕಿಟಕಿಗೆ ಮುಖ ಮಾಡಿದಳು. ನಾನು ಮನೆಗೆ ಬಂದು, ಗುಬ್ಬಿಗೆ ಹಾಲು ಕುಡಿಸಿ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಲ್ಯಾಪ್‌ಟಾಪ್ ತೆರೆದೆ. ಸ್ವಲ್ಪ ಹೊತ್ತಿಗೆ ಬಾಗಿಲು ದಢಾರನೆ ತೆರೆಯಿತು. ಅವಳು. ಮುಂದಿನ ಸ್ಟಾಪಿನಲ್ಲಿ ಇಳಿದು ಓಡಿ ಬಂದಿದ್ದಳು. ಏದುಸಿರು ಬಿಡುತ್ತಿದ್ದಳು.

"ಎಲ್ಲಿ ಮಗು? ಯಾಕೆ ಹಿಂಗೆ ಅಳ್ತಿದಾಳೆ?"

ಗುಬ್ಬಿ ನನ್ನ ತೊಡೆಯ ಮೇಲೆ ಪ್ಲಾಸ್ಟಿಕ್ ಚಮಚ ಚೀಪುತ್ತಿದ್ದಳು. ಅಮ್ಮನನ್ನು ಕಂಡು ಬೊಚ್ಚುಬಾಯಿ ತೆರೆದು ನಕ್ಕಳು. ಅಳು ಮಾತ್ರ ನಿಂತಿರಲಿಲ್ಲ, ಜೋರಾಗಿ ಕೇಳುತ್ತಲೇ ಇತ್ತು. ಅವಳು ಮಗುವನ್ನು ನೋಡಿದಳು, ಸ್ಪೀಕರ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಸ್ಪೇಸ್ ಬಾರ್ ಒತ್ತಿದೆ. ಅಳು ನಿಂತಿತು.

"ಇದು... ಹಾಡು," ಅಂದೆ.

ಗುಬ್ಬಿ ಒಮ್ಮೆ ಅತ್ತಾಗ ರೆಕಾರ್ಡ್ ಮಾಡಿಟ್ಟಿದ್ದೆ. ಆ ಅಳುವನ್ನು ಎಳೆದು ನಿಧಾನ ಮಾಡಿದರೆ ಕೊಳಲಿನ ಹಾಗೆ ಕೇಳುತ್ತಿತ್ತು. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಮೂಲ ಅಳುವನ್ನೇ ಮತ್ತೆ ಮತ್ತೆ ಹಾಕುತ್ತಿದ್ದೆ. ಇದನ್ನೆಲ್ಲ ತೊದಲುತ್ತಾ ವಿವರಿಸಿದೆ.

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತಳು. "ಮಹಡಿ ಮೇಲಿನ ಆಂಟಿ ಹೇಳಿದ್ರು. ನಿಮ್ಮ ಮಗು ಸಂಜೆಯೆಲ್ಲ ಒಂದೇ ಸಮ ಅಳುತ್ತೆ, ನಿಮ್ಮ ಯಜಮಾನ್ರು ತಿರುಗಿ ಕೂಡ ನೋಡಲ್ವೇನಮ್ಮಾ ಅಂತ."

"ನನ್ನ ಕೇಳಬಹುದಿತ್ತಲ್ಲ."

"ಎಲ್ಲಿ ಕೇಳ್ಲಿ? ಬಸ್ ಹತ್ತೋವಾಗ್ಲಾ? ನೀನು ಹೌದು ಅಂದಿದ್ರೆ ಏನ್ಮಾಡ್ಬೇಕಿತ್ತು ನಾನು? ಬಸ್ ಹೊರಟುಬಿಟ್ಟಿರೋದು."

ಗುಬ್ಬಿಯ ಕೈಯಿಂದ ಜಾರಿದ ಚಮಚವನ್ನು ಎತ್ತಿಕೊಟ್ಟೆ.

"ಗಿರಾಕಿಗಳು ಫೋನ್ ಮಾಡಿದಾಗ ಹಿಂದೆ ಯಾರದ್ದೋ ಮಗು ಅಳುತ್ತಲ್ಲ, ನಂಗೆ ಇಲ್ಲಿ ಹಾಲು ಬಂದ್ಬಿಡುತ್ತೆ," ಅಂದಳು. "ಬಟ್ಟೆಯೆಲ್ಲ ಒದ್ದೆ. ಶಾಲು ಹೊದ್ಕೊಂಡು, ಸರ್, ನೀರಿನ ಪೈಪ್ ಚೆಕ್ ಮಾಡಿದ್ರಾ ಅಂತ ಕೇಳ್ತಾ ಇರ್ತೀನಿ. ನೀನಿಲ್ಲಿ ಮಗಳ ಜೊತೆ, ಮ್ಯೂಸಿಕ್ ಜೊತೆ ಹಾಯಾಗಿರ್ತೀಯ. ನಂಗ್ಯಾರಿದಾರೆ?"

ನಾನು ಗುಬ್ಬಿಯನ್ನು ಅವಳ ಮಡಿಲಿಗೆ ಕೊಟ್ಟು ಪಕ್ಕದಲ್ಲಿ ಕೂತೆ. ಹಾಯಾಗಿಲ್ಲ ಎಂದು ಬಾಯಲ್ಲಿ ಹೇಳಿದರೆ ನಂಬುವ ಸ್ಥಿತಿಯಲ್ಲಿ ಅವಳಿರಲಿಲ್ಲ.

"ಒಂದು ವಿಷಯ ಹೇಳ್ತೀನಿ. ನಗಬಾರದು."

"ನಗೋ ಹಂಗಿದೀನಾ ನಾನು?"

"ನಿಮ್ಮ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದ್ದೆ."

"ಯಾಕೆ? ನಮ್ಮನೇಲಿ ಮಷೀನೇ ಇಲ್ವಲ್ಲ."

"ನೀನು ಎತ್ತುತೀಯೇನೋ ಅಂತ. ಪ್ರತಿ ಸಲ ಬೇರೆ ಹುಡುಗೀರೇ ಎತ್ತೋರು. ಡ್ರಮ್ ಸದ್ದು ಮಾಡ್ತಿದೆ ಅಂತಿದ್ದೆ. ಮಾಡೆಲ್ ನಂಬರ್ ಕೇಳಿದ ತಕ್ಷಣ ಇಟ್ಬಿಡ್ತಿದ್ದೆ."

ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. "ಆ ಡ್ರಮ್ ಗಿರಾಕಿ ನೀನಾ? ಅವನ ಫೋನ್ ಬಂದ್ರೆ ಹೆಂಗೆ ಮಾತಾಡಿಸ್ಬೇಕು ಅಂತ ನಮ್ಗೆಲ್ಲ ಮೀಟಿಂಗ್ ಮಾಡಿದಾರೆ ಕಣೋ."

ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಗೋಡೆಗೆ ತಲೆ ಆನಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಕೇಳಿದಳು, "ಎತ್ತಿದ್ರೆ ಏನ್ ಹೇಳ್ಬೇಕು ಅಂತಿದ್ದೆ?"

"ಏನೂ ಇಲ್ಲ. ನಮಸ್ಕಾರ, ನನ್ನಿಂದ ಏನು ಸಹಾಯ ಆಗಬೇಕು ಅಂತೀರಲ್ಲ, ಅದನ್ನ ನಿನ್ನ ದನೀಲಿ ಕೇಳಿದ್ರೆ ಸಾಕಾಗಿತ್ತು."

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಟೀಮ್ ಲೀಡರ್. "ಮೇಡಂ, ಇವತ್ತು ಬರಕ್ಕಾಗಲ್ಲ, ಮಗು ಅಳು ನಿಲ್ಲಿಸ್ತಾನೇ ಇಲ್ಲ," ಎಂದು ಹೇಳುತ್ತಾ ನನಗೆ ಕಣ್ಣು ಮಿಟುಕಿಸಿದಳು. ನಾನು ಎದ್ದು ಸ್ಪೇಸ್ ಬಾರ್ ಒತ್ತಿದೆ. ಮೇಡಂ ಪಾಪ, ಕರಗಿ ಹೋದರು.

ಫೋನ್ ಇಟ್ಟು ಅವಳು ಗುಬ್ಬಿಗೆ ಎದೆಹಾಲು ಕೊಡಲು ಕೂತಳು. "ಮೈಕ್ ತಗೋ. ಮಗಳ ಅಳು ಇಟ್ಕೊಂಡಿದೀಯಲ್ಲ, ನನ್ನ ಮಾತೂ ಇಟ್ಕೋ. ಸಂಜೆ ಹೊತ್ತು ಹಾಕ್ಕೊಂಡು ಕೇಳು."

ಮೈಕನ್ನು ಅವಳ ಪಕ್ಕ ಇಟ್ಟೆ. ಅವಳು ಮಾತಾಡಿದಳು. ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ಉಣ್ಣುವುದು, ಬರುವಾಗ ಬಸ್ಸಿನಲ್ಲಿ ನಿದ್ದೆ ಹೋಗಿ ಕೊನೆಯ ಸ್ಟಾಪಿನವರೆಗೆ ಹೋದದ್ದು, ಮನೆಗೆ ಬಂದ ಮೇಲೆ ನನ್ನ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಎಬ್ಬಿಸಲು ಮನಸ್ಸಾಗದೆ ಎದ್ದು ಹೋಗುವುದು. ಈ ಕೊನೆಯದು ನನಗೆ ಗೊತ್ತೇ ಇರಲಿಲ್ಲ. ಕಿಟಕಿಯ ಬೆಳಕು ಇಳಿದಿತ್ತು, ಗುಬ್ಬಿ ಮಡಿಲಲ್ಲೇ ನಿದ್ದೆ ಹೋಗಿದ್ದಳು.

"ಎಲ್ಲಾ ಬಂತಾ?" ಅಂದಳು.

"ನಾನು ರೆಕಾರ್ಡ್ ಒತ್ತಲೇ ಇಲ್ಲ."

"ಅಯ್ಯೋ. ಮರೆತ್ಯಾ? ಮತ್ತೆ ಹೇಳ್ಲಾ?"

"ಮರೀಲಿಲ್ಲ. ಅದು ಕೈಲಿದ್ರೆ ದಿನಾ ಅದನ್ನೇ ಕೇಳ್ಕೊಂಡು ಇದ್ಬಿಡ್ತೀನಿ. ನೀನಿಲ್ಲದೆ ಇರೋದು ಅಭ್ಯಾಸ ಆಗ್ಬಿಡುತ್ತೆ. ಅದೊಂದು ಭಯ ನಂಗೆ."

ಮಗಳ ಬೆನ್ನು ಸವರುತ್ತಿದ್ದ ಅವಳ ಕೈ ನಿಂತಿತು.

"ನಂಗೆ ಆಗಲೇ ಸ್ವಲ್ಪ ಅಭ್ಯಾಸ ಆಗಿದೆ ಕಣೋ," ಅಂದಳು.

ಹಾಗಂದವಳು ದೂರ ಹೋಗಲಿಲ್ಲ. ಮಗಳ ನಿದ್ದೆ ಕೆಡದಂತೆ ಮೆಲ್ಲಗೆ ಸರಿದು, ನನ್ನ ಭುಜಕ್ಕೆ ತಲೆಯಿಟ್ಟು, ಮಾತನ್ನು ಬಿಟ್ಟಲ್ಲಿಂದ ಮುಂದುವರಿಸಿದಳು.